ಗಣಿ, ಮರಳು, ಕಪ್ಪುಹಣ: ಬೊಕ್ಕಸದ ಸೋರಿಕೆ ವಿರುದ್ಧ ಕರ್ನಾಟಕದ ಜನಹೋರಾಟ

ಹೊನ್ನಾಳಿ: ಶಿವಮೊಗ್ಗ ಜಿಲ್ಲೆಯ ಕೂಡ್ಲಿಯಲ್ಲಿ ತುಂಗೆ ಮತ್ತು ಭದ್ರೆ ಸಂಗಮಿಸಿ ತುಂಗಭದ್ರೆಯಾಗುತ್ತವೆ. ಅಲ್ಲಿಂದ ಮುಂದೆ ಹೊನ್ನಾಳಿ, ಹರಿಹರಗಳನ್ನು ದಾಟಿ ಹೊಸಪೇಟೆಯ ಜಲಾಶಯ ಸೇರುವ ಈ ನದಿಯ ಉದ್ದಕ್ಕೂ ಎರಡು ಬಗೆಯ ಸಂಪತ್ತು ಇದೆ. ಮೇಲ್ಭಾಗದಲ್ಲಿ ಮರಳು, ಕೆಳಭಾಗದ ಸಂಡೂರು-ಹೊಸಪೇಟೆ ಸೀಮೆಯಲ್ಲಿ ಕಬ್ಬಿಣದ ಅದಿರು. ಎರಡೂ ಸಾರ್ವಜನಿಕರ ಸ್ವತ್ತು. ಎರಡರಿಂದಲೂ ಸರ್ಕಾರಕ್ಕೆ ರಾಜಧನ ಸಲ್ಲಬೇಕು. ಪರವಾನಗಿ ಇಲ್ಲದೆ ಸಾಗಿದ ಒಂದು ಲಾರಿ ಮರಳಿಗೂ, ಬಂದರಿನಿಂದ ಕಣ್ಮರೆಯಾದ ಲಕ್ಷಾಂತರ ಟನ್ ಅದಿರಿಗೂ ಇರುವ ವ್ಯತ್ಯಾಸ ಪ್ರಮಾಣದ್ದೇ ಹೊರತು ಸ್ವರೂಪದ್ದಲ್ಲ. ಎರಡರಲ್ಲಿಯೂ ಬೊಕ್ಕಸಕ್ಕೆ ಬರಬೇಕಾದ ಹಣ ಖಾಸಗಿ ಜೇಬು ಸೇರುತ್ತದೆ, ಲೆಕ್ಕಕ್ಕೆ ಸಿಗದ ಸಂಪತ್ತಾಗಿ ಬೆಳೆಯುತ್ತದೆ.

ಅಕ್ರಮ ಹಣ ಮತ್ತು ತೆರಿಗೆ ವಂಚನೆಯ ವಿರುದ್ಧ ಸರ್ಕಾರ ಕ್ರಮ ಕೈಗೊಳ್ಳಬೇಕೆಂಬ ಒತ್ತಾಯ ಇಂದು ಜಗತ್ತಿನಾದ್ಯಂತ ಕೇಳಿಬರುತ್ತಿದೆ. ಕರ್ನಾಟಕದಲ್ಲಿ ಈ ಒತ್ತಾಯ ಅತ್ಯಂತ ಸ್ಪಷ್ಟ ರೂಪ ಪಡೆದದ್ದು ಅಕ್ರಮ ಗಣಿಗಾರಿಕೆ ವಿರುದ್ಧದ ಹೋರಾಟದಲ್ಲಿ. ಆ ಹೋರಾಟದ ಹಿನ್ನೆಲೆ, ಸೋರಿಕೆ ನಡೆದ ಬಗೆ, ದೊರೆತ ಫಲ ಹಾಗೂ ಇನ್ನೂ ಉತ್ತರ ಸಿಗದ ಪ್ರಶ್ನೆಗಳ ಸಮಗ್ರ ವಿವರ ಇಲ್ಲಿದೆ.

ಪದಗಳ ಅರ್ಥ

ಈ ವಿಷಯದಲ್ಲಿ ಪದೇ ಪದೇ ಬಳಕೆಯಾಗುವ ಕೆಲವು ಪದಗಳ ನಡುವಿನ ವ್ಯತ್ಯಾಸವನ್ನು ಮೊದಲು ಗಮನಿಸುವುದು ಅಗತ್ಯ.

ತೆರಿಗೆ ವಂಚನೆ ಎಂದರೆ ಆದಾಯ ಅಥವಾ ವಹಿವಾಟನ್ನು ಮುಚ್ಚಿಟ್ಟು, ಸುಳ್ಳು ಲೆಕ್ಕ ತೋರಿಸಿ ತೆರಿಗೆ ಕಟ್ಟದಿರುವುದು. ಇದು ಶಿಕ್ಷಾರ್ಹ ಅಪರಾಧ. ತೆರಿಗೆಯಿಂದ ನುಣುಚಿಕೊಳ್ಳುವುದು ಎಂದರೆ ಕಾನೂನಿನ ಅಕ್ಷರವನ್ನು ಮೀರದೆ, ಅದರ ಸಂದುಗಳನ್ನು ಬಳಸಿ ತೆರಿಗೆ ಹೊರೆ ತಗ್ಗಿಸಿಕೊಳ್ಳುವುದು. ಕಡಿಮೆ ತೆರಿಗೆಯ ದೇಶಗಳಲ್ಲಿ ಕಾಗದದ ಮೇಲಷ್ಟೇ ಇರುವ ಕಂಪನಿಗಳನ್ನು ತೆರೆದು ಅವುಗಳ ಮೂಲಕ ವ್ಯವಹಾರ ನಡೆಸುವುದು ಇದರ ಸಾಮಾನ್ಯ ಮಾದರಿ.

ಗಣಿ ಕ್ಷೇತ್ರದಲ್ಲಿ ಮುಖ್ಯವಾದುದು ರಾಜಧನ. ಭೂಮಿಯಿಂದ ಹೊರತೆಗೆದ ಖನಿಜಕ್ಕೆ ಗುತ್ತಿಗೆದಾರ ಕೊಡಬೇಕಾದ ಪ್ರತಿಫಲ ಇದು. ರಾಜಧನವು ತೆರಿಗೆಯೇ ಅಲ್ಲವೇ ಎಂಬ ವಿವಾದ ದಶಕಗಳ ಕಾಲ ನಡೆದು, ಕೊನೆಗೆ 2024ರ ಜುಲೈ 25ರಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಸಂವಿಧಾನ ಪೀಠವು 8:1ರ ಬಹುಮತದಿಂದ ಅದು ತೆರಿಗೆಯಲ್ಲ, ಖನಿಜ ಹಕ್ಕುಗಳ ಮೇಲೆ ಪ್ರತ್ಯೇಕವಾಗಿ ತೆರಿಗೆ ವಿಧಿಸುವ ಅಧಿಕಾರ ರಾಜ್ಯಗಳಿಗೆ ಇದೆ ಎಂದು ತೀರ್ಪು ನೀಡಿತು. ಹೆಸರು ಏನೇ ಇರಲಿ, ಅದು ಪಾವತಿಯಾಗದಿದ್ದರೆ ನಷ್ಟ ಅನುಭವಿಸುವುದು ರಾಜ್ಯದ ಜನತೆ. ಅಲ್ಲದೆ ಪರವಾನಗಿಯಿಲ್ಲದೆ ಮಾರಾಟವಾದ ಅದಿರಿನ ಆದಾಯವೂ ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ, ರಾಜಧನದ ಜೊತೆಗೆ ಮಾರಾಟ ತೆರಿಗೆ, ಅರಣ್ಯ ಶುಲ್ಕ, ಆದಾಯ ತೆರಿಗೆಗಳೂ ಕೈತಪ್ಪುತ್ತವೆ.

ತುಂಗಭದ್ರಾ ತೀರದ ಮೊದಲ ಪಾಠ

ಬಳ್ಳಾರಿಯ ಗಣಿ ಅಕ್ರಮದ ವಿರುದ್ಧ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ ಸಂಘಟನೆ ಸಮಾಜ ಪರಿವರ್ತನ ಸಮುದಾಯ. ಎಸ್.ಆರ್. ಹಿರೇಮಠ ಅವರ ನೇತೃತ್ವದಲ್ಲಿ 1984ರಲ್ಲಿ ಧಾರವಾಡದಲ್ಲಿ ಹುಟ್ಟಿಕೊಂಡ ಈ ಸಂಘಟನೆಯ ಆರಂಭದ ಹೋರಾಟಗಳು ನಡೆದದ್ದು ಹೊನ್ನಾಳಿಯಿಂದ ಸ್ವಲ್ಪವೇ ಕೆಳಗೆ, ಇದೇ ತುಂಗಭದ್ರೆಯ ದಡದಲ್ಲಿ ಎಂಬುದು ಇಲ್ಲಿ ಉಲ್ಲೇಖಾರ್ಹ. ಹರಿಹರದ ಬಳಿಯ ಕುಮಾರಪಟ್ಟಣದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯಿಂದ ನದಿ ಸೇರುತ್ತಿದ್ದ ತ್ಯಾಜ್ಯದ ವಿರುದ್ಧ ರಾಣೆಬೆನ್ನೂರು ತಾಲ್ಲೂಕಿನ ನದಿತೀರದ ಹಳ್ಳಿಗಳ ಜನರೊಡನೆ ಸೇರಿ ಸಮುದಾಯ ಚಳವಳಿ ನಡೆಸಿತು.

ಅದೇ ಕಾಲದಲ್ಲಿ ಕಾರ್ಖಾನೆಗೆ ನೀಲಗಿರಿ ಬೆಳೆದುಕೊಡಲು ಸರ್ಕಾರದ ಸಹಭಾಗಿತ್ವದಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿ ಸ್ಥಾಪನೆಯಾಗಿ, ಹಳ್ಳಿಗರು ಬಳಸುತ್ತಿದ್ದ ಸುಮಾರು 30 ಸಾವಿರ ಹೆಕ್ಟೇರ್ ಭೂಮಿಯನ್ನು ಅದಕ್ಕೆ ಗುತ್ತಿಗೆ ನೀಡಲು ಒಪ್ಪಂದವಾಯಿತು. ಇದರ ವಿರುದ್ಧ ಸುಪ್ರೀಂ ಕೋರ್ಟ್‌ಗೆ ಸಲ್ಲಿಸಿದ ಅರ್ಜಿಯಲ್ಲಿ ಡಾ. ಶಿವರಾಮ ಕಾರಂತರು ಮೊದಲ ಅರ್ಜಿದಾರರಾಗಿದ್ದರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ ನಡೆಯಿತು. ನೀಲಗಿರಿ ಸಸಿಗಳನ್ನು ಕಿತ್ತು, ಜನರಿಗೆ ಉಪಯುಕ್ತವಾದ ಗಿಡಗಳನ್ನು ನೆಡುವುದು ಆ ಸತ್ಯಾಗ್ರಹದ ರೀತಿ. 1991ರ ವೇಳೆಗೆ ಕಂಪನಿಯನ್ನು ಮುಚ್ಚಲಾಯಿತು.

ಹಳ್ಳಿಯಲ್ಲಿ ಜನರ ಸಂಘಟನೆ, ದಾಖಲೆಗಳ ಸಂಗ್ರಹ ಹಾಗೂ ನ್ಯಾಯಾಲಯದ ಮೊರೆ, ಈ ಮೂರನ್ನೂ ಒಟ್ಟಿಗೆ ನಡೆಸುವ ವಿಧಾನ ರೂಪುಗೊಂಡದ್ದು ಅಲ್ಲಿ. ಎರಡು ದಶಕಗಳ ನಂತರ ಬಳ್ಳಾರಿಯಲ್ಲಿ ಬಳಕೆಯಾದದ್ದೂ ಇದೇ ವಿಧಾನ.

ಬಳ್ಳಾರಿ: ಸೋರಿಕೆ ನಡೆದ ಬಗೆ

2000ದ ನಂತರ ಚೀನಾದ ಉಕ್ಕು ಉದ್ಯಮ ಬೆಳೆದಂತೆ ಕಬ್ಬಿಣದ ಅದಿರಿನ ಬೇಡಿಕೆ ಹಾಗೂ ಬೆಲೆ ಹಠಾತ್ತನೆ ಏರಿತು. ಆದರೆ ಆ ಕಾಲದಲ್ಲಿ ರಾಜಧನವನ್ನು ಬೆಲೆಯ ಆಧಾರದ ಮೇಲೆ ಅಲ್ಲದೆ ಟನ್ನಿಗೆ ಇಂತಿಷ್ಟು ರೂಪಾಯಿ ಎಂದು ನಿಗದಿ ಮಾಡಲಾಗಿತ್ತು. ಅತ್ಯುತ್ತಮ ದರ್ಜೆಯ ಅದಿರಿಗೂ ಅದು ಟನ್ನಿಗೆ 27 ರೂ. ಮೀರುತ್ತಿರಲಿಲ್ಲ. ವಿದೇಶಿ ಮಾರುಕಟ್ಟೆಯಲ್ಲಿ ಅದೇ ಅದಿರು ಸಾವಿರಾರು ರೂಪಾಯಿಗೆ ಮಾರಾಟವಾಗುತ್ತಿತ್ತು. 2009ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ರಾಜಧನವನ್ನು ಮಾರಾಟ ಬೆಲೆಯ ಶೇ 10ಕ್ಕೆ ಬದಲಾಯಿಸಿತು. 2014ರ ಸೆಪ್ಟೆಂಬರ್‌ನಲ್ಲಿ ಅದು ಶೇ 15ಕ್ಕೆ ಏರಿತು. ಅಷ್ಟರಲ್ಲಿ ಅದಿರಿನ ಬೆಲೆ ಅತಿ ಹೆಚ್ಚು ಇದ್ದ ವರ್ಷಗಳು ಕಳೆದುಹೋಗಿದ್ದವು.

ಕಾನೂನುಬದ್ಧ ರಾಜಧನವೇ ಇಷ್ಟು ಕಡಿಮೆಯಿದ್ದಾಗಲೂ ಅದನ್ನು ತಪ್ಪಿಸುವ ಹಲವು ದಾರಿಗಳು ಬಳಕೆಯಲ್ಲಿದ್ದವು. ಗುತ್ತಿಗೆ ಪಡೆದ ಗಡಿಯನ್ನು ದಾಟಿ ಪಕ್ಕದ ಅರಣ್ಯದಲ್ಲಿ ಅಗೆಯುವುದು ಒಂದು. ಪರವಾನಗಿಯಲ್ಲಿ ನಮೂದಿಸಿದ್ದಕ್ಕಿಂತ ಹೆಚ್ಚು ಅದಿರನ್ನು ಲಾರಿಯಲ್ಲಿ ತುಂಬುವುದು ಮತ್ತೊಂದು. ಒಂದೇ ಪರವಾನಗಿಯಲ್ಲಿ ಹಲವು ಬಾರಿ ಸಾಗಿಸುವುದು, ಪರವಾನಗಿಯೇ ಇಲ್ಲದೆ ಸಾಗಿಸುವುದು, ಉತ್ತಮ ದರ್ಜೆಯ ಅದಿರನ್ನು ಕೀಳು ದರ್ಜೆ ಎಂದು ತೋರಿಸುವುದು ಇತರ ಮಾರ್ಗಗಳು. ರಫ್ತಿನ ಹಂತದಲ್ಲಿ ಬಿಲ್ಲಿನಲ್ಲಿ ಕಡಿಮೆ ಬೆಲೆ ನಮೂದಿಸಿ, ಉಳಿದ ಹಣವನ್ನು ವಿದೇಶದಲ್ಲಿಯೇ ಪಡೆಯುವುದು ಕೊನೆಯ ಹಾಗೂ ಹೆಚ್ಚು ಜಾಣತನದ ಮಾರ್ಗ.

ಈ ಕೊನೆಯ ಮಾರ್ಗವೇ ಬಳ್ಳಾರಿಯ ಕೆಂಪು ಧೂಳನ್ನು ಜಾಗತಿಕ ಕಪ್ಪುಹಣದ ಜಾಲಕ್ಕೆ ಜೋಡಿಸುವ ಕೊಂಡಿ. ಸಿಂಗಪುರ ಹಾಗೂ ಬ್ರಿಟಿಷ್ ವರ್ಜಿನ್ ದ್ವೀಪಗಳಂಥ ಕಡೆ ನೋಂದಣಿಯಾದ ಕಂಪನಿಗಳ ಮೂಲಕ ನಡೆದ ವಹಿವಾಟಿನ ಆರೋಪವನ್ನು ಲೋಕಾಯುಕ್ತದ ವರದಿಯೂ ಪ್ರಸ್ತಾಪಿಸಿತು.

ಲೋಕಾಯುಕ್ತ ತನಿಖೆ

2007ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗಣಿ ಅಕ್ರಮಗಳ ತನಿಖೆಯನ್ನು ಲೋಕಾಯುಕ್ತಕ್ಕೆ ಒಪ್ಪಿಸಿತು. ಸುಪ್ರೀಂ ಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಆಗ ಲೋಕಾಯುಕ್ತರು. 2008ರ ಡಿಸೆಂಬರ್ 18ರಂದು ಅವರು ಮೊದಲ ವರದಿ ಸಲ್ಲಿಸಿದರು. ಎರಡನೆಯ ಹಾಗೂ ಅಂತಿಮ ವರದಿ ಸಲ್ಲಿಕೆಯಾದದ್ದು 2011ರ ಜುಲೈ 27ರಂದು. ಅನುಬಂಧಗಳೂ ಸೇರಿ ಅದರ ಗಾತ್ರ 25 ಸಾವಿರ ಪುಟಗಳನ್ನು ಮೀರಿತ್ತು.

ಅರಣ್ಯ ಸೇವೆಯ ಅಧಿಕಾರಿ ಡಾ. ಯು.ವಿ. ಸಿಂಗ್ ನೇತೃತ್ವದ ತಂಡ ಗಣಿ, ರಸ್ತೆ, ತೂಕದ ಮನೆ, ಬಂದರು ಹಾಗೂ ಬ್ಯಾಂಕ್ ದಾಖಲೆಗಳನ್ನು ಒಂದಕ್ಕೊಂದು ತಾಳೆ ನೋಡಿತು. ಆದಾಯ ತೆರಿಗೆ ಇಲಾಖೆ ಶೋಧದ ವೇಳೆ ವಶಪಡಿಸಿಕೊಂಡ ದಾಖಲೆಗಳೂ ತನಿಖೆಗೆ ನೆರವಾದವು. ಒಂದು ಇಲಾಖೆಯ ಕಡತದಲ್ಲಿ ಸರಿಯಾಗಿ ಕಾಣುವ ಲೆಕ್ಕ ಇನ್ನೊಂದು ಇಲಾಖೆಯ ಕಡತದ ಪಕ್ಕದಲ್ಲಿಟ್ಟಾಗ ತಪ್ಪೆಂದು ಹೊರಬಿದ್ದಿತು. ಇಲಾಖೆಗಳು ಪರಸ್ಪರ ಮಾಹಿತಿ ಹಂಚಿಕೊಳ್ಳದಿರುವುದೇ ವಂಚಕರ ದೊಡ್ಡ ಆಸರೆ ಎಂಬುದನ್ನು ಈ ತನಿಖೆ ತೋರಿಸಿಕೊಟ್ಟಿತು.

ವರದಿಯ ಪ್ರಕಾರ 2006ರಿಂದ 2010ರವರೆಗಿನ ಅವಧಿಯಲ್ಲಿ ಸುಮಾರು 2.98 ಕೋಟಿ ಟನ್ ಅದಿರು ಅಕ್ರಮವಾಗಿ ರಫ್ತಾಗಿತ್ತು. ಅದರ ಮೌಲ್ಯ 12,228 ಕೋಟಿ ರೂ. ಎಂದು ಅಂದಾಜಿಸಲಾಯಿತು. ಬೊಕ್ಕಸಕ್ಕೆ ಆದ ಒಟ್ಟು ನಷ್ಟವನ್ನು 16,085 ಕೋಟಿ ರೂ. ಎಂದು ವರದಿ ಲೆಕ್ಕ ಹಾಕಿತು. ಅಧಿಕಾರಿಗಳ ಜೊತೆಗೆ ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅವರನ್ನೂ ಅದು ಹೆಸರಿಸಿತು. ಜುಲೈ 31ರಂದು ಅವರು ರಾಜೀನಾಮೆ ಸಲ್ಲಿಸಿದರು.

ಬೇಲೆಕೇರಿಯ ಕಣ್ಮರೆ

ಉತ್ತರ ಕನ್ನಡ ಜಿಲ್ಲೆ ಅಂಕೋಲಾ ಬಳಿಯ ಬೇಲೆಕೇರಿ ಚಿಕ್ಕ ಬಂದರು. 2010ರ ಮಾರ್ಚ್‌ನಲ್ಲಿ ಅಲ್ಲಿ ಸಂಗ್ರಹವಾಗಿದ್ದ ಸುಮಾರು 8 ಲಕ್ಷ ಟನ್ ಅದಿರನ್ನು ಅರಣ್ಯ ಇಲಾಖೆ ವಶಪಡಿಸಿಕೊಂಡಿತು. ಕೆಲವೇ ತಿಂಗಳಲ್ಲಿ ಅದರ ಬಹುಪಾಲು ಹಡಗು ಏರಿ ದೇಶ ಬಿಟ್ಟಿತ್ತು. ಸರ್ಕಾರದ ವಶದಲ್ಲಿದ್ದ ವಸ್ತುವೇ ಸರ್ಕಾರದ ಕಣ್ಣೆದುರು ಮಾಯವಾದ ಪ್ರಕರಣ ಇದು.

ಅದಿರನ್ನು ಪತ್ತೆ ಹಚ್ಚಿದ ಅರಣ್ಯಾಧಿಕಾರಿ ಆರ್. ಗೋಕುಲ್ ಅವರ ಅಮಾನತಿಗೆ ಪ್ರಯತ್ನ ನಡೆದಾಗ, 2010ರ ಜೂನ್ 23ರಂದು ನ್ಯಾ. ಹೆಗ್ಡೆ ಲೋಕಾಯುಕ್ತ ಹುದ್ದೆಗೆ ರಾಜೀನಾಮೆ ನೀಡಿದರು. ರಾಜ್ಯದಾದ್ಯಂತ ಪ್ರತಿಭಟನೆ ವ್ಯಕ್ತವಾಯಿತು. ಜುಲೈ ಆರಂಭದಲ್ಲಿ ಅವರು ರಾಜೀನಾಮೆ ಹಿಂಪಡೆದರು. ಅದೇ ತಿಂಗಳ ಕೊನೆಯಲ್ಲಿ ರಾಜ್ಯ ಸರ್ಕಾರ ಅದಿರು ರಫ್ತನ್ನು ನಿಷೇಧಿಸಿತು. ಜುಲೈ 25ರಂದು ಆಗಿನ ವಿರೋಧ ಪಕ್ಷದ ನಾಯಕ ಸಿದ್ದರಾಮಯ್ಯ ನೇತೃತ್ವದಲ್ಲಿ ಬೆಂಗಳೂರಿನಿಂದ ಹೊರಟ ಕಾಂಗ್ರೆಸ್ ಪಾದಯಾತ್ರೆ ಸುಮಾರು 320 ಕಿ.ಮೀ. ಕ್ರಮಿಸಿ ಆಗಸ್ಟ್ 9ರಂದು ಬಳ್ಳಾರಿ ತಲುಪಿತು. ಕಡತದೊಳಗಿನ ವಿಷಯ ಹೀಗೆ ಚುನಾವಣೆಯ ವಿಷಯವಾಯಿತು.

ಸುಪ್ರೀಂ ಕೋರ್ಟ್ ನೇಮಿಸಿದ ಕೇಂದ್ರ ಉನ್ನತಾಧಿಕಾರ ಸಮಿತಿ ನಂತರ ಲೆಕ್ಕ ನೋಡಿದಾಗ, 2009ರ ಜನವರಿಯಿಂದ 2010ರ ಮೇ ತಿಂಗಳವರೆಗೆ ಬೇಲೆಕೇರಿಯಿಂದ ರಫ್ತಾದದ್ದು ಸುಮಾರು 88 ಲಕ್ಷ ಟನ್ ಆಗಿದ್ದರೆ, ಪರವಾನಗಿ ಇದ್ದದ್ದು ಸುಮಾರು 38 ಲಕ್ಷ ಟನ್ನಿಗೆ ಮಾತ್ರ. ಇದನ್ನು ಆಧರಿಸಿ 2012ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸಿಬಿಐ ತನಿಖೆಗೆ ಆದೇಶಿಸಿತು. 50 ಸಾವಿರ ಟನ್ನಿಗಿಂತ ಕಡಿಮೆ ರಫ್ತಿನ ಪ್ರಕರಣಗಳಿಗಾಗಿ ರಾಜ್ಯ ಸರ್ಕಾರ 2013ರಲ್ಲಿ ಲೋಕಾಯುಕ್ತದ ಅಡಿ ವಿಶೇಷ ತನಿಖಾ ತಂಡ ರಚಿಸಿತು.

ನ್ಯಾಯಾಲಯದ ಅಂಗಳದಲ್ಲಿ

ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಸುಪ್ರೀಂ ಕೋರ್ಟ್‌ಗೆ ಸಲ್ಲಿಸಿದ ರಿಟ್ ಅರ್ಜಿ ಸಂಖ್ಯೆ 562, ರಾಜ್ಯದ ಗಣಿ ಇತಿಹಾಸದಲ್ಲಿ ತಿರುವು ತಂದ ದಾಖಲೆ. 2011ರ ಜುಲೈ 29ರಂದು, ಅಂದರೆ ಲೋಕಾಯುಕ್ತದ ಅಂತಿಮ ವರದಿ ಸಲ್ಲಿಕೆಯಾದ ಎರಡೇ ದಿನಗಳಲ್ಲಿ, ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆಯನ್ನು ಸ್ಥಗಿತಗೊಳಿಸುವಂತೆ ಕೋರ್ಟ್ ಆದೇಶಿಸಿತು. ಆಗಸ್ಟ್ 26ರಂದು ಆದೇಶ ಚಿತ್ರದುರ್ಗ ಹಾಗೂ ತುಮಕೂರು ಜಿಲ್ಲೆಗಳಿಗೂ ವಿಸ್ತರಣೆಯಾಯಿತು.

ಗಡಿ ಸಮೀಕ್ಷೆಯ ನಂತರ ಗಣಿಗಳನ್ನು ಮೂರು ವರ್ಗಗಳಾಗಿ ವಿಂಗಡಿಸಲಾಯಿತು. ಅಕ್ರಮ ಇಲ್ಲದ ಅಥವಾ ಅತ್ಯಲ್ಪ ಅಕ್ರಮ ಕಂಡುಬಂದ ಗಣಿಗಳು ‘ಎ’ ವರ್ಗ. ಗಡಿ ಮೀರಿದ ಅಗೆತ ಶೇ 10ರೊಳಗೆ, ತ್ಯಾಜ್ಯ ಸುರಿದ ಪ್ರದೇಶ ಶೇ 15ರೊಳಗೆ ಇದ್ದವು ‘ಬಿ’ ವರ್ಗ. ಅದನ್ನೂ ಮೀರಿದವು ಹಾಗೂ ಅರಣ್ಯ ಕಾಯ್ದೆಯನ್ನು ತೀವ್ರವಾಗಿ ಉಲ್ಲಂಘಿಸಿದವು ‘ಸಿ’ ವರ್ಗ. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ‘ಸಿ’ ವರ್ಗದ 49 ಗುತ್ತಿಗೆಗಳನ್ನು ಕೋರ್ಟ್ ರದ್ದುಪಡಿಸಿತು. ಉಳಿದ ಗಣಿಗಳು ಪುನಶ್ಚೇತನ ಯೋಜನೆ ಜಾರಿಗೊಳಿಸಿ, ದಂಡ ಪಾವತಿಸಿದ ನಂತರವೇ ಆರಂಭವಾಗಬಹುದಿತ್ತು.

ಸೋರಿಕೆ ತಡೆಯುವಲ್ಲಿ ಹೆಚ್ಚು ಪರಿಣಾಮ ಬೀರಿದ ಕ್ರಮಗಳು ಎರಡು. ಒಂದು, ಅದಿರನ್ನು ಇ-ಹರಾಜಿನಲ್ಲಿಯೇ ಮಾರಬೇಕೆಂಬ ನಿಯಮ. ಇದರಿಂದ ನಿಜವಾದ ಬೆಲೆ ಎಲ್ಲರಿಗೂ ತಿಳಿಯುವಂತಾಯಿತು. ಎರಡು, ಉತ್ಪಾದನೆಗೆ ವಾರ್ಷಿಕ ಮಿತಿ. ಬಳ್ಳಾರಿಗೆ 2.5 ಕೋಟಿ ಟನ್, ಚಿತ್ರದುರ್ಗ-ತುಮಕೂರಿಗೆ 50 ಲಕ್ಷ ಟನ್ ಎಂದು ಆರಂಭದಲ್ಲಿ ನಿಗದಿಯಾಯಿತು. 2022ರ ಮೇ 20ರಂದು ರಫ್ತಿಗೆ ಅನುಮತಿ ದೊರೆಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಮಿತಿಗಳನ್ನು ಕ್ರಮವಾಗಿ 3.5 ಕೋಟಿ ಹಾಗೂ 1.5 ಕೋಟಿ ಟನ್ನಿಗೆ ಏರಿಸಲಾಯಿತು.

ಶಿಕ್ಷೆ ಹಾಗೂ ಖುಲಾಸೆ

ಕ್ರಿಮಿನಲ್ ಪ್ರಕರಣಗಳ ಫಲಿತಾಂಶ ಮಿಶ್ರವಾಗಿದೆ. ಯಡಿಯೂರಪ್ಪ ಅವರ ವಿರುದ್ಧ ಲೋಕಾಯುಕ್ತ ವರದಿ ಆಧರಿಸಿ ದಾಖಲಾದ ಪ್ರಕರಣವನ್ನು ಹೈಕೋರ್ಟ್ 2012ರ ಮಾರ್ಚ್‌ನಲ್ಲಿ ರದ್ದುಪಡಿಸಿತು. ಸುಪ್ರೀಂ ಕೋರ್ಟ್ ಆದೇಶದಂತೆ ಸಿಬಿಐ ಕೈಗೊಂಡ ಪ್ರಕರಣದಲ್ಲಿ 2016ರ ಅಕ್ಟೋಬರ್ 26ರಂದು ವಿಶೇಷ ನ್ಯಾಯಾಲಯ ಅವರನ್ನು ಖುಲಾಸೆಗೊಳಿಸಿತು.

ಬಳ್ಳಾರಿ ಗಡಿಗೆ ಹೊಂದಿಕೊಂಡ ಆಂಧ್ರದ ಓಬುಳಾಪುರಂ ಗಣಿ ಪ್ರಕರಣದಲ್ಲಿ ಮಾಜಿ ಸಚಿವ ಜಿ. ಜನಾರ್ದನ ರೆಡ್ಡಿ 2011ರ ಸೆಪ್ಟೆಂಬರ್ 5ರಂದು ಬಂಧನಕ್ಕೊಳಗಾದರು. ಹದಿಮೂರು ವರ್ಷಗಳಿಗೂ ಹೆಚ್ಚು ಕಾಲದ ನಂತರ, 2025ರ ಮೇ 6ರಂದು ಹೈದರಾಬಾದ್‌ನ ಸಿಬಿಐ ವಿಶೇಷ ನ್ಯಾಯಾಲಯ ಅವರಿಗೆ ಏಳು ವರ್ಷ ಜೈಲು ಶಿಕ್ಷೆ ವಿಧಿಸಿತು. ಮರುತಿಂಗಳು ತೆಲಂಗಾಣ ಹೈಕೋರ್ಟ್ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಬೇಲೆಕೇರಿ ಪ್ರಕರಣಗಳಲ್ಲಿ ಕಾರವಾರ ಶಾಸಕ ಸತೀಶ್ ಸೈಲ್ ಅವರಿಗೆ 2024ರ ಅಕ್ಟೋಬರ್‌ನಲ್ಲಿ ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯ ಏಳು ವರ್ಷ ಶಿಕ್ಷೆ ವಿಧಿಸಿತು. ಮರುತಿಂಗಳು ಹೈಕೋರ್ಟ್ ಅದನ್ನು ಅಮಾನತಿನಲ್ಲಿಟ್ಟಿತು.

ತನಿಖಾ ವ್ಯವಸ್ಥೆಯೂ ಈ ನಡುವೆ ಏಳುಬೀಳು ಕಂಡಿತು. 2016ರ ಮಾರ್ಚ್‌ನಲ್ಲಿ ಸರ್ಕಾರ ಭ್ರಷ್ಟಾಚಾರ ನಿಗ್ರಹ ದಳವನ್ನು ರಚಿಸಿ ಲೋಕಾಯುಕ್ತ ಪೊಲೀಸರ ಅಧಿಕಾರವನ್ನು ಮೊಟಕುಗೊಳಿಸಿತು. 2022ರ ಆಗಸ್ಟ್ 11ರಂದು ಹೈಕೋರ್ಟ್ ಆ ದಳವನ್ನು ರದ್ದುಪಡಿಸಿ ಲೋಕಾಯುಕ್ತಕ್ಕೆ ಅಧಿಕಾರ ಮರಳಿಸಿತು. ಇದಕ್ಕಾಗಿ ನ್ಯಾಯಾಲಯದಲ್ಲಿ ಹೋರಾಡಿದವರಲ್ಲಿಯೂ ಸಮಾಜ ಪರಿವರ್ತನ ಸಮುದಾಯ ಇತ್ತು.

ಹೋದ ಹಣ ಬಂತೇ?

ತಪ್ಪಿತಸ್ಥರಿಗೆ ಶಿಕ್ಷೆಯಾಗುವುದು ಒಂದು ವಿಷಯ. ಕಳೆದುಹೋದ ಹಣ ಬೊಕ್ಕಸಕ್ಕೆ ಮರಳುವುದು ಬೇರೆಯೇ ವಿಷಯ. ಈ ಎರಡನೆಯದರಲ್ಲಿ ಸಾಧನೆ ನಿರಾಶಾದಾಯಕ.

ಕಾನೂನಿನಲ್ಲಿ ಅವಕಾಶ ಇಲ್ಲವೆಂದಲ್ಲ. 1957ರ ಗಣಿ ಮತ್ತು ಖನಿಜ ಕಾಯ್ದೆಯ 21(5)ನೇ ಸೆಕ್ಷನ್ ಪ್ರಕಾರ, ಅಕ್ರಮವಾಗಿ ತೆಗೆದ ಖನಿಜವನ್ನು ಅಥವಾ ಅದು ಮಾರಾಟವಾಗಿದ್ದರೆ ಅದರ ಪೂರ್ಣ ಬೆಲೆಯನ್ನು ರಾಜಧನ ಹಾಗೂ ತೆರಿಗೆಯೊಡನೆ ವಸೂಲು ಮಾಡಬಹುದು. ಒಡಿಶಾ ಗಣಿಗಳಿಗೆ ಸಂಬಂಧಿಸಿದ ‘ಕಾಮನ್ ಕಾಸ್’ ಪ್ರಕರಣದಲ್ಲಿ 2017ರ ಆಗಸ್ಟ್ 2ರಂದು ಸುಪ್ರೀಂ ಕೋರ್ಟ್ ಶೇ 100ರಷ್ಟು ಬೆಲೆ ವಸೂಲಿಗೆ ಆದೇಶಿಸಿ ಈ ಅಂಶವನ್ನು ಸ್ಪಷ್ಟಪಡಿಸಿತು. ಆದರೆ ವಸೂಲಿಗೆ ಪ್ರತಿ ಟನ್ನಿನ ಮೂಲ, ಸಾಗಿಸಿದವರು, ಕೊಂಡವರು ಯಾರೆಂಬ ಸರಪಳಿಯನ್ನು ಸಾಬೀತುಪಡಿಸಬೇಕು. ವರ್ಷಗಳು ಕಳೆದಂತೆ ಕಂಪನಿಗಳು ಮುಚ್ಚುತ್ತವೆ, ಆಸ್ತಿಗಳು ಕೈ ಬದಲಾಗುತ್ತವೆ, ದಾಖಲೆಗಳು ಸವೆಯುತ್ತವೆ. ವಿಳಂಬವೇ ವಂಚಕರಿಗೆ ಲಾಭ.

ರಾಜ್ಯದ ಕಾನೂನು ಸಚಿವ ಎಚ್.ಕೆ. ಪಾಟೀಲ ಅವರು 2025ರ ಜೂನ್‌ನಲ್ಲಿ ಮುಖ್ಯಮಂತ್ರಿಗೆ ಬರೆದ ಪತ್ರದಲ್ಲಿ ನಷ್ಟದ ಪ್ರಮಾಣವನ್ನು 1.5 ಲಕ್ಷ ಕೋಟಿ ರೂ. ಎಂದು ಅಂದಾಜಿಸಿ, ತನಿಖೆ ಮತ್ತು ವಸೂಲಿಯ ಮಂದಗತಿಗೆ ಆಕ್ಷೇಪ ವ್ಯಕ್ತಪಡಿಸಿದ್ದರು. ಅಧಿಕಾರದಲ್ಲಿರುವ ಸರ್ಕಾರದ ಸಚಿವರೇ ತಮ್ಮ ಸರ್ಕಾರವನ್ನು ಒತ್ತಾಯಿಸಬೇಕಾಗಿ ಬಂದದ್ದು ಸಮಸ್ಯೆಯ ಆಳವನ್ನು ಸೂಚಿಸುತ್ತದೆ.

ಒಂದು ಸಮಾಧಾನದ ಅಂಶವೂ ಇದೆ. ಅದಿರಿನ ಮಾರಾಟದಿಂದ ಪ್ರತ್ಯೇಕವಾಗಿ ತೆಗೆದಿರಿಸಿದ ಹಣದಿಂದ ಗಣಿಬಾಧಿತ ಪ್ರದೇಶಗಳ ಪುನಶ್ಚೇತನಕ್ಕಾಗಿ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಸ್ಥಾಪನೆಯಾಗಿದೆ. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಸುಮಾರು 25 ಸಾವಿರ ಕೋಟಿ ರೂ. ಯೋಜನೆಯ ಅನುಷ್ಠಾನಕ್ಕೆ ದಾರಿ ಮಾಡಿಕೊಟ್ಟು, ಮೇಲ್ವಿಚಾರಣೆಗೆ ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿ ಅವರನ್ನು ನೇಮಿಸಿತು. ಕುಡಿಯುವ ನೀರು, ಆಸ್ಪತ್ರೆ, ಶಾಲೆ, ರಸ್ತೆಗಳಿಗೆ ಈ ಹಣ ಬಳಕೆಯಾಗಬೇಕಿದೆ. ಹೊಲದ ಮೇಲೆ ಕೆಂಪು ಧೂಳು ಕವಿದು ಬೆಳೆ ಕಳೆದುಕೊಂಡ ಸಂಡೂರು ಸೀಮೆಯ ರೈತರಿಗೆ ಹೋರಾಟದ ನಿಜವಾದ ಫಲ ತಲುಪಬೇಕಾದದ್ದು ಈ ಮಾರ್ಗದಲ್ಲಿ.

ಮರಳು: ಮನೆ ಬಾಗಿಲ ಸಮಸ್ಯೆ

ಹೊನ್ನಾಳಿ, ನ್ಯಾಮತಿ, ಹರಿಹರ ಭಾಗದಲ್ಲಿ ತುಂಗಭದ್ರೆಯ ಮರಳಿನ ಅಕ್ರಮ ಸಾಗಣೆ ಪದೇ ಪದೇ ದೂರುಗಳಿಗೆ ಕಾರಣವಾಗಿದೆ. ಶಿವಮೊಗ್ಗ ಜಿಲ್ಲೆಗೆ ಸೇರಿದ್ದ ಹೊನ್ನಾಳಿ ಮತ್ತು ಚನ್ನಗಿರಿ 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಸೇರಿದವು. ನಂತರ ನ್ಯಾಮತಿ ಪ್ರತ್ಯೇಕ ತಾಲ್ಲೂಕಾಯಿತು. ನದಿ ಮಾತ್ರ ಅದೇ. ಅತಿಯಾದ ಅಗೆತದಿಂದ ದಡ ಕುಸಿಯುತ್ತದೆ, ನದಿಪಾತ್ರದಲ್ಲಿ ಗುಂಡಿಗಳಾಗುತ್ತವೆ, ಅಂತರ್ಜಲ ಇಳಿಯುತ್ತದೆ, ಭಾರದ ಲಾರಿಗಳಿಂದ ಹಳ್ಳಿ ರಸ್ತೆಗಳು ಹಾಳಾಗುತ್ತವೆ. ಮರಳಿನ ಲಾಭ ಒಬ್ಬರಿಗೆ, ರಸ್ತೆ ದುರಸ್ತಿಯ ವೆಚ್ಚ ಎಲ್ಲರಿಗೆ.

ಮರಳು ಕಾನೂನಿನ ದೃಷ್ಟಿಯಲ್ಲಿ ‘ಉಪ ಖನಿಜ’. 2012ರ ಫೆಬ್ರವರಿ 27ರಂದು ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಐದು ಹೆಕ್ಟೇರಿಗಿಂತ ಚಿಕ್ಕ ಪ್ರದೇಶದ ಉಪ ಖನಿಜ ಗುತ್ತಿಗೆಗೂ ಪರಿಸರ ಅನುಮತಿ ಕಡ್ಡಾಯ ಎಂದಿತು. 2013ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅನುಮತಿಯಿಲ್ಲದ ನದಿ ಮರಳುಗಾರಿಕೆಯನ್ನು ದೇಶದಾದ್ಯಂತ ನಿರ್ಬಂಧಿಸಿತು. ಅನುಮತಿಯಿಲ್ಲದೆ ಮರಳು ತೆಗೆಯುವುದು ಗಣಿ ಕಾಯ್ದೆಯ ಉಲ್ಲಂಘನೆ ಮಾತ್ರವಲ್ಲ, ಸರ್ಕಾರಿ ಸ್ವತ್ತಿನ ಕಳವು ಎಂದೂ ಪ್ರಕರಣ ದಾಖಲಿಸಬಹುದೆಂದು 2014ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. 2015ರ ತಿದ್ದುಪಡಿಯಲ್ಲಿ ಗಣಿ ಕಾಯ್ದೆಯ ಶಿಕ್ಷೆಯನ್ನು ಐದು ವರ್ಷದವರೆಗಿನ ಜೈಲು ಹಾಗೂ ಹೆಕ್ಟೇರಿಗೆ 5 ಲಕ್ಷ ರೂ.ವರೆಗಿನ ದಂಡಕ್ಕೆ ಏರಿಸಲಾಯಿತು.

ಕಾನೂನು ಬಿಗಿಯಾಗಿದ್ದರೂ ಬೇಡಿಕೆಗೆ ತಕ್ಕಷ್ಟು ಅಧಿಕೃತ ಮರಳು ಸುಲಭವಾಗಿ ಸಿಗದಿದ್ದರೆ ಕಳ್ಳದಾರಿ ತೆರೆದುಕೊಳ್ಳುತ್ತದೆ. ಮನೆ ಕಟ್ಟುವ ಸಾಮಾನ್ಯ ಕುಟುಂಬ ದುಬಾರಿ ಬೆಲೆ ತೆರುತ್ತದೆ. ಆ ಹೆಚ್ಚುವರಿ ಹಣದಲ್ಲಿ ಬಿಡಿಗಾಸೂ ಬೊಕ್ಕಸಕ್ಕಾಗಲಿ ಪಂಚಾಯಿತಿಗಾಗಲಿ ಸೇರುವುದಿಲ್ಲ. ಬಳ್ಳಾರಿಯ ಪಾಠ ಇಲ್ಲಿಯೂ ಅನ್ವಯಿಸುತ್ತದೆ. ತೂಕ, ಪರವಾನಗಿ, ಬೆಲೆ ಈ ಮೂರೂ ಸಾರ್ವಜನಿಕರಿಗೆ ಕಾಣುವಂತಿದ್ದರೆ ಸೋರಿಕೆ ತಗ್ಗುತ್ತದೆ.

ದೇಶ ಮತ್ತು ಜಗತ್ತು

ವಿದೇಶಿ ಬ್ಯಾಂಕುಗಳಲ್ಲಿನ ಕಪ್ಪುಹಣದ ತನಿಖೆಗೆ ವಿಶೇಷ ತಂಡ ರಚಿಸುವಂತೆ ಸುಪ್ರೀಂ ಕೋರ್ಟ್ 2011ರ ಜುಲೈ 4ರಂದು ಆದೇಶಿಸಿತ್ತು. ಹಿರಿಯ ವಕೀಲ ರಾಂ ಜೇಠ್ಮಲಾನಿ ಮತ್ತಿತರರ ಅರ್ಜಿ ಆ ಆದೇಶಕ್ಕೆ ಕಾರಣ. ತಂಡ ರಚನೆಯಾದದ್ದು 2014ರ ಮೇ ತಿಂಗಳಲ್ಲಿ. ಅದರ ಅಧ್ಯಕ್ಷರಾದ ನ್ಯಾ. ಎಂ.ಬಿ. ಷಾ ಅವರು ಅದಕ್ಕೂ ಮುನ್ನ ಅಕ್ರಮ ಕಬ್ಬಿಣ ಹಾಗೂ ಮ್ಯಾಂಗನೀಸ್ ಗಣಿಗಾರಿಕೆ ಕುರಿತ ಕೇಂದ್ರದ ವಿಚಾರಣಾ ಆಯೋಗದ ಮುಖ್ಯಸ್ಥರಾಗಿದ್ದರು. ಗಣಿ ಹಾಗೂ ಕಪ್ಪುಹಣದ ನಂಟಿಗೆ ಇದೂ ಒಂದು ನಿದರ್ಶನ.

ಅಘೋಷಿತ ವಿದೇಶಿ ಆದಾಯದ ವಿರುದ್ಧ 2015ರಲ್ಲಿ ಪ್ರತ್ಯೇಕ ಕಾಯ್ದೆ ಬಂದಿತು. ಬೇನಾಮಿ ಆಸ್ತಿ ಕಾಯ್ದೆಯ ತಿದ್ದುಪಡಿ 2016ರ ನವೆಂಬರ್ 1ರಂದು ಜಾರಿಗೆ ಬಂದಿತು. ಹೂಡಿಕೆದಾರರ ನೆಚ್ಚಿನ ದಾರಿಯಾಗಿದ್ದ ಮಾರಿಷಸ್ ತೆರಿಗೆ ಒಪ್ಪಂದಕ್ಕೆ 2016ರ ಮೇ ತಿಂಗಳಲ್ಲಿ ತಿದ್ದುಪಡಿಯಾಯಿತು. ತೆರಿಗೆ ತಪ್ಪಿಸಲೆಂದೇ ಹೆಣೆದ ವ್ಯವಹಾರಗಳನ್ನು ಅಮಾನ್ಯಗೊಳಿಸುವ ನಿಯಮಗಳು 2017ರ ಏಪ್ರಿಲ್‌ನಿಂದ ಅನ್ವಯವಾದವು.

ಜಾಗತಿಕ ಮಟ್ಟದಲ್ಲಿ 2003ರಲ್ಲಿ ಆರಂಭವಾದ ಟ್ಯಾಕ್ಸ್ ಜಸ್ಟಿಸ್ ನೆಟ್‌ವರ್ಕ್‌ನಂಥ ಸಂಘಟನೆಗಳು ಕಂಪನಿಗಳ ನಿಜವಾದ ಮಾಲೀಕರ ಹೆಸರು ಬಹಿರಂಗವಾಗಬೇಕು, ಬಹುರಾಷ್ಟ್ರೀಯ ಕಂಪನಿಗಳು ಯಾವ ದೇಶದಲ್ಲಿ ಎಷ್ಟು ಲಾಭ ಗಳಿಸಿ ಎಷ್ಟು ತೆರಿಗೆ ಕಟ್ಟಿದವು ಎಂದು ತಿಳಿಸಬೇಕು ಎಂದು ಒತ್ತಾಯಿಸುತ್ತ ಬಂದಿವೆ. ದಕ್ಷಿಣ ಆಫ್ರಿಕದ ಮಾಜಿ ಅಧ್ಯಕ್ಷ ಥಾಬೊ ಎಂಬೆಕಿ ನೇತೃತ್ವದ ಸಮಿತಿ 2015ರಲ್ಲಿ, ಆಫ್ರಿಕ ಖಂಡ ಅಕ್ರಮ ಹಣದ ಹೊರಹರಿವಿನಿಂದ ವರ್ಷಕ್ಕೆ 5,000 ಕೋಟಿ ಡಾಲರಿಗೂ ಹೆಚ್ಚು ಕಳೆದುಕೊಳ್ಳುತ್ತಿದೆ ಎಂದು ಅಂದಾಜಿಸಿತು. ಅಲ್ಲಿಯೂ ಖನಿಜ ರಫ್ತಿನಲ್ಲಿ ಸುಳ್ಳು ಬೆಲೆ ನಮೂದಿಸುವುದೇ ಪ್ರಮುಖ ಮಾರ್ಗ. 2016ರ ‘ಪನಾಮಾ ಪೇಪರ್ಸ್’ ಈ ಜಾಲದ ಒಳನೋಟ ನೀಡಿತು. ಅಂತರರಾಷ್ಟ್ರೀಯ ತೆರಿಗೆ ಸಹಕಾರ ಒಪ್ಪಂದ ರೂಪಿಸಲು ವಿಶ್ವಸಂಸ್ಥೆಯ ಮಹಾಸಭೆ 2024ರ ಡಿಸೆಂಬರ್‌ನಲ್ಲಿ ಚೌಕಟ್ಟು ಅಂಗೀಕರಿಸಿತು.

ನಾಗರಿಕರ ಮುಂದಿರುವ ದಾರಿ

ರಾಜ್ಯದ ಅನುಭವದಿಂದ ಕೆಲವು ಮಾರ್ಗಗಳು ಸ್ಪಷ್ಟವಾಗುತ್ತವೆ.

* ಮಾಹಿತಿ ಹಕ್ಕು: 2005ರ ಕಾಯ್ದೆಯಡಿ ತಾಲ್ಲೂಕಿನಲ್ಲಿ ನೀಡಿದ ಗುತ್ತಿಗೆ, ಪರವಾನಗಿ, ಸಂಗ್ರಹವಾದ ರಾಜಧನ ಹಾಗೂ ವಿಧಿಸಿದ ದಂಡದ ವಿವರ ಕೇಳಬಹುದು. ವಿಧಿಸಿದ ದಂಡ ಎಷ್ಟು, ವಸೂಲಾದದ್ದು ಎಷ್ಟು ಎಂಬುದನ್ನು ಬೇರೆ ಬೇರೆಯಾಗಿ ಕೇಳುವುದು ಒಳಿತು.

* ಲೋಕಾಯುಕ್ತ: ಅಧಿಕಾರಿ ಅಥವಾ ಜನಪ್ರತಿನಿಧಿ ಶಾಮೀಲಾಗಿರುವ ಬಗ್ಗೆ ಆಧಾರ ಇದ್ದರೆ ನಿಗದಿತ ನಮೂನೆಯಲ್ಲಿ ದೂರು ಸಲ್ಲಿಸಬಹುದು.

* ಆದಾಯ ತೆರಿಗೆ ಇಲಾಖೆ: 2018ರಲ್ಲಿ ಪ್ರಕಟವಾದ ಯೋಜನೆಗಳಲ್ಲಿ ಬೇನಾಮಿ ಆಸ್ತಿಯ ಮಾಹಿತಿಗೆ 1 ಕೋಟಿ ರೂ.ವರೆಗೆ, ವಿದೇಶಿ ಕಪ್ಪುಹಣದ ಮಾಹಿತಿಗೆ 5 ಕೋಟಿ ರೂ.ವರೆಗೆ ಬಹುಮಾನ ಘೋಷಿಸಲಾಯಿತು.

* ಗ್ರಾಮಸಭೆ ಮತ್ತು ಜಿಲ್ಲಾ ಖನಿಜ ಪ್ರತಿಷ್ಠಾನ: ಗಣಿಬಾಧಿತ ಪ್ರದೇಶದ ಅಭಿವೃದ್ಧಿಗಾಗಿ 2015ರ ತಿದ್ದುಪಡಿಯಿಂದ ರೂಪುಗೊಂಡ ಪ್ರತಿಷ್ಠಾನದ ಹಣ ಎಲ್ಲಿ ವೆಚ್ಚವಾಯಿತು ಎಂದು ಗ್ರಾಮಸಭೆಯಲ್ಲಿ ಪ್ರಶ್ನಿಸಬಹುದು.

* ಸಾರ್ವಜನಿಕ ಹಿತಾಸಕ್ತಿ ಅರ್ಜಿ: ಇತರ ದಾರಿಗಳು ಮುಚ್ಚಿದಾಗ ಹೈಕೋರ್ಟ್, ಸುಪ್ರೀಂ ಕೋರ್ಟ್ ಅಥವಾ ಹಸಿರು ನ್ಯಾಯಮಂಡಳಿಯ ಮೊರೆ ಹೋಗಬಹುದು. ದಾಖಲೆಗಳು ಬಲವಾಗಿದ್ದರೆ ಮಾತ್ರ ಅರ್ಜಿ ನಿಲ್ಲುತ್ತದೆ.

ದೂರು ನೀಡುವವರ ರಕ್ಷಣೆ ಈ ವ್ಯವಸ್ಥೆಯ ದುರ್ಬಲ ಕೊಂಡಿ. ಅಕ್ರಮ ಬಯಲಿಗೆಳೆಯುವವರ ರಕ್ಷಣೆಗಾಗಿ 2014ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ವರ್ಷಗಳ ಕಾಲ ಜಾರಿಗೇ ಬರಲಿಲ್ಲ. ಆದ್ದರಿಂದ ಒಬ್ಬಂಟಿಯಾಗಿ ಹೋಗುವುದಕ್ಕಿಂತ ಗ್ರಾಮಸ್ಥರು, ರೈತ ಸಂಘಟನೆಗಳು ಸೇರಿ ಸಾಮೂಹಿಕವಾಗಿ ದೂರು ಸಲ್ಲಿಸುವುದು ಸುರಕ್ಷಿತ.

ಬಳ್ಳಾರಿ ಪ್ರಕರಣದಲ್ಲಿ ಸಂಘಟನೆಯೊಂದರ ಅರ್ಜಿ, ಅಂಜದ ಲೋಕಾಯುಕ್ತ, ಲೆಕ್ಕ ಬಲ್ಲ ಅರಣ್ಯಾಧಿಕಾರಿಗಳು ಹಾಗೂ ಬೀದಿಗಿಳಿದ ಜನ ಒಂದೇ ಕಾಲಕ್ಕೆ ಒದಗಿಬಂದರು. ಅದರಿಂದ ಅಗೆತ ನಿಂತಿತು, ನಿಯಮಗಳು ಬದಲಾದವು. ಆದರೆ 16,085 ಕೋಟಿ ರೂ. ನಷ್ಟದ ಲೆಕ್ಕ ಸರ್ಕಾರದ ಕೈ ಸೇರಿ ದಶಕ ದಾಟಿದ ಮೇಲೂ ವಸೂಲಿಯ ಲೆಕ್ಕ ಪೂರ್ಣಗೊಂಡಿಲ್ಲ. ಆ ಹಣ ಶಾಲೆ, ಆಸ್ಪತ್ರೆ, ನೀರಾವರಿಗೆ ಸಲ್ಲಬೇಕಾಗಿದ್ದ ಹಣ. ಅದನ್ನು ಕೇಳುವ ಹಕ್ಕು ಬಳ್ಳಾರಿಯವರಿಗೆ ಎಷ್ಟಿದೆಯೋ ಹೊನ್ನಾಳಿ, ಚನ್ನಗಿರಿ, ಜಗಳೂರಿನ ತೆರಿಗೆದಾರರಿಗೂ ಅಷ್ಟೇ ಇದೆ.